ಮಗಳನ್ನ ಕೇಳಿ

"ಸ್ವಲ್ಪ ಓರೆ ಮಾಡಮ್ಮ, ತಿರುವಲ್ಲಿ ಸಿಕ್ಕಾಕ್ಕೊಳ್ಳುತ್ತೆ!" ಕೆಳಗಿನ ಮೆಟ್ಟಿಲಿನಿಂದ ಪಕ್ಕದಂಗಡಿಯ ಕ್ಷೌರಿಕ ಕೂಗಿದ. ಶವಪೆಟ್ಟಿಗೆಯ ತಲೆಯ ಕಡೆ ಹಿಡಿದಿದ್ದ ಮಗಳು ಹಲ್ಲು ಕಚ್ಚಿ ಓರೆ ಮಾಡಿದಳು. ಒಳಗೆ ಅಪ್ಪ ಒಂದು ಪಕ್ಕಕ್ಕೆ ಸರಿದದ್ದು ಅವಳ ಕೈಗೆ ತಿಳಿಯಿತು.

ಮನೆ ಮೇಲೆ, ಸೋಲಾರ್ ಅಂಗಡಿ ಕೆಳಗೆ. ಬ್ಯಾಟರಿಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನಡುವೆ ಎರಡು ಮೇಜು ಜೋಡಿಸಿ ಪೆಟ್ಟಿಗೆ ಇಳಿಸಿದರು.

"ಎಂಥ ಮನುಷ್ಯ!" ಕ್ಷೌರಿಕ ಕತ್ತಿನ ಬೆವರು ಒರೆಸಿಕೊಂಡ. "ಬ್ಯಾಟರಿ ತುಂಬೋಕೆ ಎಷ್ಟು ಹೊತ್ತು ಬೇಕು ಅಂದ್ರೆ ತಾನು ಬಾಯೇ ಬಿಡ್ತಿರಲಿಲ್ಲ. 'ಮಗಳನ್ನ ಕೇಳಿ' ಅನ್ನೋನು. ಅಷ್ಟು ಹೆಮ್ಮೆ ಮಗಳು ಅಂದ್ರೆ!"

"ನಂಗೂ ಅದೇ ಉತ್ತರ," ಎಂದಳು ತಾಯಿ. "ಮಳೆ ಬರೋ ಹಾಗಿದೆ, ಬಟ್ಟೆ ಒಳಗೆ ತರ್ಲಾ ಅಂದ್ರೆ ಮಗಳನ್ನ ಕೇಳು. ಅಡುಗೆಗೆ ಉಪ್ಪು ಸಾಕಾ ಅಂದ್ರೂ ಮಗಳನ್ನ ಕೇಳು!"

ಬಂದವರು ನಕ್ಕರು. ತಾಯಿಯೂ ಅಳುತ್ತಲೇ ನಕ್ಕಳು. ಮಗಳು ತಲೆ ತಗ್ಗಿಸಿದಳು. ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡರು ಎಲ್ಲರೂ.

*

ಮೊದಲು ಅಪ್ಪ ಹಾಗಿರಲಿಲ್ಲ. ಯಾರೇ ಸೋಲಾರ್ ಪ್ಯಾನೆಲ್ ಕೊಳ್ಳಲಿ, "ಬೆಳಿಗ್ಗೆ ಹಾಕಿ, ಸಂಜೆಗೆ ಫುಲ್!" ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದ. ಅವನ ಲೆಕ್ಕ ಸುಲಭದ್ದು. ಸಾವಿರದಿನ್ನೂರು ವ್ಯಾಟ್-ಅವರ್ ಬ್ಯಾಟರಿ, ನೂರು ವ್ಯಾಟ್ ಪ್ಯಾನೆಲ್, ಭಾಗಿಸಿದರೆ ಹನ್ನೆರಡು ಗಂಟೆ. ಹಗಲೂ ಅಷ್ಟೇ ಉದ್ದ. ಎದುರಿಗಿದ್ದವರ ಮುಖ ಬಾಡುವುದನ್ನು ನೋಡಲಾರದ ಜೀವ ಅದು.

ಮಗಳು ಇದೇ ಸೋಲಾರ್ ವಿದ್ಯೆ ಕಲಿತು ಅಂಗಡಿಗೆ ಬಂದ ಹೊಸತು. ಕೋಳಿಮರಿ ಮಾಡಿಸಿ ಮಾರುತ್ತಿದ್ದ ಹೆಂಗಸೊಬ್ಬಳು ಮೊಟ್ಟೆಯ ತಟ್ಟೆ ಹಿಡಿದು ಬಂದಳು. ಮರಿ ಮಾಡಿಸುವ ಪೆಟ್ಟಿಗೆಯ ಬಲ್ಬು ನಡುರಾತ್ರಿ ಆರಿ, ಮೊಟ್ಟೆಗಳೆಲ್ಲ ತಣ್ಣಗಾಗಿದ್ದವು.

"ಸಂಜೆಗೆ ತುಂಬುತ್ತೆ ಅಂದಿದ್ರಲ್ಲಾ ಅಣ್ಣ?"

"ತುಂಬಬೇಕಿತ್ತಲ್ಲಾ ತಾಯಿ... ಮೋಡ ಏನಾದ್ರೂ..."

"ಮೋಡ ಅಲ್ಲ," ಮಗಳು ಎದ್ದು ನಿಂತಳು. ಅಂಗಡಿ ತುಂಬ ಜನ. "ಜೋರು ಬಿಸಿಲಿರೋದು ನಾಲ್ಕೈದು ಗಂಟೆ ಮಾತ್ರ. ಅದರಲ್ಲೂ ಪ್ಯಾನೆಲ್ ಮೇಲೆ ಬರೆದಷ್ಟು ಯಾವತ್ತೂ ಬರಲ್ಲ. ಖಾಲಿ ಬ್ಯಾಟರಿ ತುಂಬೋಕೆ ಮೂರು ದಿನ ಬೇಕು. ಅಪ್ಪನಿಗೆ ಲೆಕ್ಕ ಬರಲ್ಲ. ಇನ್ಮೇಲೆ ಇವರನ್ನ ಕೇಳ್ಬೇಡಿ, ನನ್ನ ಕೇಳಿ."

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಪ್ಪ ನಗಲು ನೋಡಿದ, ಆಗಲಿಲ್ಲ. ಮೇಜಿನ ಮೇಲಿನ ಬಟ್ಟೆ ತೆಗೆದುಕೊಂಡು, ಧೂಳೇ ಇಲ್ಲದ ಒಂದು ಬ್ಯಾಟರಿಯನ್ನು ಒರೆಸತೊಡಗಿದ.

*

ಆ ಹೆಂಗಸು ಈಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೆಣದ ಮುಖ ನೋಡಿ, ಮಗಳ ಪಕ್ಕ ಬಂದು ನಿಂತಳು.

"ಅವತ್ತು ನಾನು ಮೊಟ್ಟೆ ಹಿಡ್ಕೊಂಡು ಬರಬಾರದಿತ್ತಮ್ಮ," ಎಂದಳು, ಇನ್ನೊಬ್ಬರಿಗೆ ಕೇಳದ ಹಾಗೆ. "ಮಾರನೇ ದಿನ ನಿಮ್ಮಪ್ಪ ನಮ್ಮನೆಗೆ ಬಂದಿದ್ರು. 'ಮಗಳು ಹೇಳಿದ್ದೇ ಸರಿ, ತಪ್ಪು ನಂದು' ಅಂದ್ರು. ಕೂತ್ಕೊಳ್ಳಿ ಅಂದ್ರೆ ಕೂರ್ಲಿಲ್ಲ, ನೀರೂ ಮುಟ್ಲಿಲ್ಲ."

ಮಗಳು ಅವಳತ್ತ ತಿರುಗಲಿಲ್ಲ.

"ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

"ಇಲ್ಲ," ಎಂದಳು ಮಗಳು.

*

ಕಳೆದ ತಿಂಗಳು ಆಸ್ಪತ್ರೆಯಲ್ಲಿ ವೈದ್ಯೆ ಅಪ್ಪನ ಹೊಟ್ಟೆ ಒತ್ತಿ ನೋಡಿ ಕೇಳಿದ್ದಳು: "ಎಷ್ಟು ದಿನದಿಂದ ನೋವಿದೆ?"

ಅಪ್ಪ ಹಾಸಿಗೆಯ ಮೇಲೆ ಮಲಗಿದ್ದಲ್ಲಿಂದಲೇ ಮಗಳತ್ತ ನೋಡಿದ. ವ್ಯಂಗ್ಯವಿರಲಿಲ್ಲ, ಮುನಿಸೂ ಇರಲಿಲ್ಲ. ಅಭ್ಯಾಸವಾಗಿ ಹೋಗಿತ್ತು.

"ಅವಳನ್ನ ಕೇಳಿ ಡಾಕ್ಟ್ರೇ. ನಾನು ಹೇಳಿದ್ರೆ ತಪ್ಪಾಗುತ್ತೆ."

ವೈದ್ಯೆ ಪೆನ್ನು ಹಿಡಿದು ಅವಳ ಕಡೆ ತಿರುಗಿದಳು. ಮಗಳಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ನೋವಿದೆ ಎಂಬುದೇ ಅವಳಿಗೆ ಆವತ್ತು ಗೊತ್ತಾಗಿತ್ತು.

*

ಮಣ್ಣು ಹಾಕಿ ಮುಗಿಯಿತು. ಸ್ಮಶಾನದ ಗೇಟಿನ ಬಳಿ ಅವಳನ್ನು ನಿಲ್ಲಿಸಿದರು. ಜನ ಒಬ್ಬೊಬ್ಬರೇ ಬಂದು ಕೈ ಹಿಡಿದುಕೊಂಡರು.

"ನೀನಂದ್ರೆ ಪ್ರಾಣ ಬಿಡ್ತಿದ್ರು."

"ಅಪ್ಪನ ಹೆಸರು ಉಳಿಸಿದೆ ಕಣಮ್ಮ."

ಅವಳ ಅಂಗೈ ತುಂಬ ಹಸಿ ಮಣ್ಣು ಮೆತ್ತಿತ್ತು. ಪಕ್ಕದಲ್ಲೇ ನಲ್ಲಿ ಇತ್ತು, ಅವಳು ತೊಳೆದುಕೊಳ್ಳಲಿಲ್ಲ. ಕೈ ಹಿಡಿದವರೆಲ್ಲ ಎರಡು ಹೆಜ್ಜೆ ದಾಟಿದ ಮೇಲೆ, ಅವಳಿಗೆ ಕಾಣದು ಎಂದುಕೊಂಡು, ತಮ್ಮ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು. ಅವಳಿಗೆ ಕಾಣುತ್ತಿತ್ತು.