ಗುಂಡಿ ಡಬ್ಬಿಯ ಮಾತ್ರೆಗಳು

ನಮ್ಮ ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಹೊಲಿಗೆ ಯಂತ್ರದ ಸದ್ದಿಗೇ ಬೆಳಗಾಗುತ್ತಿತ್ತು. ಅತ್ತೆ ಅಂಗಡಿಯ ಗುಂಡಿ ಡಬ್ಬಿಯಲ್ಲಿ ಮಿಕ್ಕ ಮಾತ್ರೆಗಳನ್ನೂ ಕೂಡಿಡುತ್ತಿದ್ದರು. ಯಾರಿಗೆ ಜ್ವರ ಬಂದರೂ ಡಬ್ಬಿ ಕುಲುಕಿ, ಬಣ್ಣ ನೋಡಿ ಒಂದು ಕೊಡುವರು. ‘ಡಾಕ್ಟರಮ್ಮ’ ಎಂದು ಅವರನ್ನು ರೇಗಿಸುತ್ತಿದ್ದೆವು. ಎಂಥ ದಿನಗಳವು! ನೆನೆದರೆ ನಗುವೂ ಬರುತ್ತದೆ, ಹೆದರಿಕೆಯೂ ಆಗುತ್ತದೆ.

ಒಮ್ಮೆ ಕತ್ತರಿ ಬಿದ್ದು ಮಾವನ ಕಾಲಿಗಾದ ಗಾಯದಲ್ಲಿ ಕೀವು ತುಂಬಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಇಂಜೆಕ್ಷನ್ನಿಗೆ ಜ್ವರ ಬಿಟ್ಟಿತು. ಮನೆಗೆ ಹೊರಡುವ ದಿನ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ಬೇರೆ ಆಂಟಿಬಯೋಟಿಕ್ ಮಾತ್ರೆ ಬರೆದರು. ಅದನ್ನು ಹಿಡಿದು ಆಸ್ಪತ್ರೆಯ ಫಾರ್ಮಸಿಸ್ಟ್ ಹೆಂಗಸು ಮಂಚದ ಬಳಿ ಬಂದರು.

“ಗುಣ ಆಯ್ತಲ್ಲ ತಾಯಿ, ಇನ್ಯಾಕೆ ಮಾತ್ರೆ?” ಎಂದರು ಅತ್ತೆ.

“ಜ್ವರ ಹೋಗಿದೆ ಅಮ್ಮ, ಗಾಯದೊಳಗಿನ ರೋಗಾಣು ಪೂರ್ತಿ ಹೋಗಿಲ್ಲ. ಡಾಕ್ಟರು ಹೇಳಿದಷ್ಟು ದಿನಾನೂ ಕೊಡಬೇಕು.”

“ಸ್ವಲ್ಪ ಕೊಟ್ಟು ಮಿಕ್ಕಿದ್ದು ಗುಂಡಿ ಡಬ್ಬಿಗೆ ಹಾಕ್ತೀನಿ ಬಿಡಿ. ಕಷ್ಟಕಾಲಕ್ಕೆ ಆಗುತ್ತೆ.”

ಫಾರ್ಮಸಿಸ್ಟ್ ಕುರ್ಚಿ ಎಳೆದು ಕೂತರು. “ಆ ಡಬ್ಬಿ ಮಾತ್ರೆ ಇವರು ತಗೊಂಡಿದ್ರಾ? ಏನಾದ್ರೂ ತೊಂದರೆ ಆಗಿತ್ತಾ?”

ಮಾವ ಮೆಲ್ಲಗೆ ಬಾಯಿಬಿಟ್ಟರು. “ಒಂದ್ಸಲ ಹಲ್ಲುನೋವಿಗೆ ಇವಳು ಕೊಟ್ಟಿದ್ದಳು. ಮೈಯೆಲ್ಲಾ ದದ್ದು, ತುಟಿ ಊದಿ ಉಸಿರೇ ಕಟ್ಟಿತ್ತು. ಇಲ್ಲಿ ಯಾರಿಗೂ ಹೇಳಿಲ್ಲ. ಹೆಂಡತಿ ಮರ್ಯಾದೆ ಪ್ರಶ್ನೆ ನೋಡಿ!”

“ಆ ಮಾತ್ರೆ ಪಟ್ಟಿ ಇನ್ನೂ ಡಬ್ಬೀಲೇ ಇದೆ,” ಎಂದರು ಅತ್ತೆ. ನಾನು ಮನೆಗೆ ಓಡಿಹೋಗಿ ಡಬ್ಬಿ ತಂದೆ. ಪಟ್ಟಿಯ ಹಿಂದಿನ ಹೆಸರು ಓದಿದ್ದೇ ಫಾರ್ಮಸಿಸ್ಟ್ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ತಕ್ಷಣ ಮಾತ್ರೆ ಬದಲಿಸಿದರು.

“ಡಬ್ಬೀಲಿದ್ದದ್ದು, ಇವತ್ತು ಮೊದಲು ಬರೆದಿದ್ದು, ಎರಡೂ ಒಂದೇ ಜಾತಿಯ ಔಷಧಿ ಅಮ್ಮ. ಅದನ್ನ ಮನೇಲಿ ನುಂಗಿದ್ರೆ ಪ್ರಾಣಕ್ಕೇ ಕುತ್ತು ಬರ್ತಿತ್ತು,” ಎಂದರು ಆಕೆ.

ಅತ್ತೆ ಎಲ್ಲರೆದುರೇ ಮಾವನ ಕೈ ಹಿಡಿದುಕೊಂಡರು. ಹಾಗೆ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಡಬ್ಬಿಯ ಹಳೆಯ ಮಾತ್ರೆಗಳನ್ನೆಲ್ಲ ಫಾರ್ಮಸಿಸ್ಟ್ ಕೈಗೇ ಸುರಿದರು. ಹೊಸ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ಏನಾದರೆ ಓಡಿಬರಬೇಕು ಎಂದು ಕೇಳಿ ಕೇಳಿ ತಿಳಿದುಕೊಂಡರು. ಒಂದು ಹೊತ್ತೂ ತಪ್ಪಿಸಲಿಲ್ಲ.

ಈಗ ಇಬ್ಬರೂ ಇಲ್ಲ. ಆದರೆ ಅದಾದ ಮೇಲೂ ಮಾವ ಬಹಳ ವರ್ಷ ಬದುಕಿದರು; ನನ್ನ ಮಗಳ ಮದುವೆಯ ಬಟ್ಟೆ ಹೊಲಿದದ್ದು ಅವಳ ತಾತನೇ.

ಆಸ್ಪತ್ರೆಯಿಂದ ಹೊರಡುವಾಗ ನೀವೂ ಅವಸರ ಮಾಡಬೇಡಿ. ಫಾರ್ಮಸಿಸ್ಟ್ ಹತ್ತಿರ ಒಂದು ಗಳಿಗೆ ಕೂತು, ಹಿಂದೆ ಯಾವ ಔಷಧಿ ಒಗ್ಗಲಿಲ್ಲ ಎಂದು ನಾಚಿಕೆ ಬಿಟ್ಟು ಹೇಳಿ. ಆಂಟಿಬಯೋಟಿಕ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಮಿಕ್ಕದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ನಿಮ್ಮವರು ನಿಮ್ಮ ಜೊತೆಗೇ ಮನೆಗೆ ಬರಲಿ, ಬಹಳ ಕಾಲ ಇರಲಿ.