ಮೊದಲ ಭಾಗದ ಚಪ್ಪಾಳೆ

ಆರ್ಗನ್ ಮೊಳಗುತ್ತಿದ್ದಂತೆ ಕಾಂತಾಮಣಿಯವರ ಕೈ ಪಕ್ಕದ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು.

"ಅಮ್ಮಾ, ದಾಸ್ ಟೂಟ್ ವೇ! ನೋಯ್ತಿದೆ," ಎಂದಳು ಮಗಳು ಸಿಂಚನಾ, ಜರ್ಮನ್ ಬೆರೆಸಿ.

"ಸುಮ್ನಿರೇ. ನಿಮ್ಮಪ್ಪ ಅನ್ಕೊಂಡೆ."

ಅವಳಪ್ಪ ಶಿವಲಿಂಗಯ್ಯ ಎದುರಿಗೇ ಮಲಗಿದ್ದರು, ಮುಚ್ಚಿದ ಪೆಟ್ಟಿಗೆಯೊಳಗೆ, ಹಣೆತುಂಬ ವಿಭೂತಿ ಧರಿಸಿ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಜೀವಮಾನವಿಡೀ ಕೆಮಿಸ್ಟ್ರಿ ಪಾಠ ಹೇಳಿದವರು. ಸ್ಮಶಾನದ ಈ ಪುಟ್ಟ ಚಾಪೆಲ್ ಅರ್ಧ ಗಂಟೆ ಮಾತ್ರ ಅವರದು, ಆಮೇಲೆ ಇನ್ಯಾರದೋ ಸರದಿ.

ಹಿಂದಿನ ಸಾಲಿನಿಂದ ಪಕ್ಕದೂರು ವಾಲ್‌ಡಾರ್ಫ್‌ನ ಕನ್ನಡದ ಹುಡುಗ ಯತಿರಾಜ್ ಬಗ್ಗಿದ. "ಆಂಟಿ, ಅಂಕಲ್ ಇದ್ದಿದ್ರೆ ಇಷ್ಟೊತ್ತಿಗೆ ಶುರು ಹಚ್ಕೊಂಡಿರೋರು!"

ಕಾಂತಾಮಣಿಗೆ ನಗು ತಡೆಯಲಾಗಲಿಲ್ಲ. ಮಗಳ ಕಿವಿಯಲ್ಲಿ ಕೇಳಿಯೇಬಿಟ್ಟರು. "ಇವತ್ತೊಂದಿನ ಅವರಿಗೋಸ್ಕರ ಚಪ್ಪಾಳೆ ತಟ್ಟೋಣ್ವೇನೇ?"

"ಅಮ್ಮಾ! ಫ್ಯೂನರಲ್ ಇದು. ಜನ ಏನನ್ಕೋತಾರೆ?"

*

ಜರ್ಮನಿಗೆ ಬಂದ ಹೊಸದರಲ್ಲಿ ಗಂಡಹೆಂಡಿರು ಚರ್ಚೊಂದರಲ್ಲಿ ಇದೇ ಹಳೆಯ ಬರೋಕ್ ಕಾಲದ ಕನ್ಚೆರ್ಟೊ, ಅಂದರೆ ಆರ್ಗನ್ ಕೃತಿ, ಕೇಳಲು ಹೋಗಿದ್ದರು. ಅದಕ್ಕೆ ಮೂರು ಭಾಗ. ಮೂರೂ ಮುಗಿಯುವ ತನಕ ಯಾರೂ ಕಮಕ್ ಕಿಮಕ್ ಅನ್ನುವಂತಿಲ್ಲ. ಆದರೆ ತುಮಕೂರಿನ ರಾಮನವಮಿ ಪೆಂಡಾಲಿನಲ್ಲಿ ಕಛೇರಿ ಕೇಳಿ ಬೆಳೆದವರಿಗೆ ಅದೆಲ್ಲ ಹೇಗೆ ಗೊತ್ತಿರಬೇಕು? ಮೊದಲ ಭಾಗ ಮುಗಿದದ್ದೇ ತಡ, ಶಿವಲಿಂಗಯ್ಯ "ಭೇಷ್!" ಎಂದು ಪಟಪಟ ಚಪ್ಪಾಳೆ ಬಾರಿಸಿದರು. ಅಯ್ಯೋ, ಇಡೀ ಚರ್ಚು ತಿರುಗಿ ನೋಡಿತು. ಆರ್ಗನ್ ಮೇಲಿನ ಕನ್ನಡಿಯಲ್ಲಿ, ಜನರಿಗೆ ಬೆನ್ನು ಹಾಕಿ ಕೂತಿದ್ದ ವಾದಕಿ ಫ್ರಾವ್ ವಿಂಕ್ಲರ್ ಮುಖ ಕೆಂಪಾಯಿತು.

ಕೊನೆಗೆ ಆಕೆ ಬಂದು, "ಚಪ್ಪಾಳೆ ಮೂರೂ ಭಾಗ ಮುಗಿದ ಮೇಲೆ," ಎಂದು ತಿಳಿಹೇಳಿದರು.

"ಊಟ ಪೂರ್ತಿ ಮುಗಿಯೋವರೆಗೂ ಸಾರು ಚೆನ್ನಾಗಿದೆ ಅನ್ನಬಾರದಾ, ಮೇಡಂ?" ಎಂದರು ಶಿವಲಿಂಗಯ್ಯ, ತಮ್ಮ ಹರಕುಮುರುಕು ಜರ್ಮನ್‌ನಲ್ಲಿ.

ಅಂದಿನಿಂದ ಕಾಂತಾಮಣಿಗೆ ಕಛೇರಿಯುದ್ದಕ್ಕೂ ಗಂಡನ ಕೈ ಹಿಡಿದು ಕೂರುವುದೇ ಕೆಲಸ. ನೋಡಿದವರು, ಎಂಥಾ ಪ್ರೀತಿ ಅನ್ನುತ್ತಿದ್ದರು! ಸುದ್ದಿ ತಿಳಿದು ಮೊನ್ನೆ ಫೋನ್ ಮಾಡಿದ ಫ್ರಾವ್ ವಿಂಕ್ಲರ್, "ನಾನೇ ನುಡಿಸುತ್ತೇನೆ, ಅದೇ ಕನ್ಚೆರ್ಟೊ," ಎಂದಿದ್ದರು.

*

ಮೊದಲ ಭಾಗ ಮುಗಿಯಿತು. ಚಾಪೆಲ್ ಗಪ್‌ಚುಪ್. ಎರಡನೆಯದು ಶುರುವಾಗಲೇ ಇಲ್ಲ.

ಯಾರೋ ಕೆಮ್ಮಿದರು. ಕಪ್ಪು ಕೋಟಿನ ಸ್ಮಶಾನದ ನೌಕರ ಗಡಿಯಾರ ನೋಡಿಕೊಂಡ.

"ಯಾಕೆ ನಿಲ್ಸಿದ್ರು? ಮರ್ತೋದ್ರಾ?" ಸಿಂಚನಾ ಪಿಸುಗುಟ್ಟಿದಳು.

ಕಾಂತಾಮಣಿ ತಲೆಯೆತ್ತಿದರು. ಕನ್ನಡಿಯಲ್ಲಿ ಫ್ರಾವ್ ವಿಂಕ್ಲರ್ ಕಣ್ಣುಗಳು ನೇರ ಅವರನ್ನೇ ನೋಡುತ್ತಿದ್ದವು. ಮರೆತವರ ಕಣ್ಣಲ್ಲ ಅವು, ಕಾಯುತ್ತಿರುವವರದು. ಕಾಂತಾಮಣಿಗೆ ತಟ್ಟನೆ ಅರ್ಥವಾಯಿತು. ಮಗಳ ಕೈ ಬಿಟ್ಟು ಎದ್ದು ನಿಂತರು.

"ಭೇಷ್!"

ಒಂಟಿ ಚಪ್ಪಾಳೆ ಪಟಪಟ ಸಿಡಿಯಿತು. ಹಿಂದೆಯೇ ಯತಿರಾಜನದು, ಆಮೇಲೆ ಜರ್ಮನ್ ಮುದುಕಿಯರದು. ಕನ್ನಡಿಯಲ್ಲಿ ಫ್ರಾವ್ ವಿಂಕ್ಲರ್ ಮುಖ ಮತ್ತೆ ಕೆಂಪಾಗಿತ್ತು, ಈ ಸಲ ನಗುತ್ತ.

ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವಳು ಸಿಂಚನಾ. ಅವಳ ಮಣಿಕಟ್ಟಿನ ಮೇಲೆ ಅಮ್ಮನ ಬೆರಳುಗಳ ಕೆಂಪು ಗುರುತು ಇನ್ನೂ ಹಾಗೇ ಇತ್ತು.