ಬಿರಡೆಯ ಸ್ಕ್ರೂ

"ಪಕ್ಕಡ ಹಾಕಬ್ಯಾಡೋ! ಬಿರಡಿ ಮುರಿದ್ರ ಮುಗೀತು" ಎನ್ನುತ್ತ ಹಾಜಿಸಾಬ, ದೇವೇಂದ್ರಪ್ಪನ ಕೈಯಿಂದ ಇಕ್ಕಳವನ್ನೂ ಏಕತಾರಿಯನ್ನೂ ಕಸಿದುಕೊಂಡು ಕಟ್ಟೆಯ ಮೇಲೆ ಕೂತ.

ಒಳಗೆ ಪಡಸಾಲೆಯಲ್ಲಿ ಗಿಡ್ಡಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನವಲಿಯ ಆ ಭಜನಾ ಮೇಳದಲ್ಲಿ ಒಂದು ರೂಢಿ: ಮೇಳದವನು ಸತ್ತರೆ ಅವನದೇ ಏಕತಾರಿ ನುಡಿಸಿ ಒಂದು ಪದ ಹಾಡಿಯೇ ಹೆಣ ಎತ್ತಬೇಕು. ಆದರೆ ಗಿಡ್ಡಪ್ಪನ ಏಕತಾರಿಯ ಶ್ರುತಿ ಗಂಡಸರ ಗಂಟಲಿಗೆ ಎಟುಕದಷ್ಟು ಮೇಲಿತ್ತು. ತಂತಿ ಇಳಿಸೋಣವೆಂದರೆ, ಅದನ್ನು ಸುತ್ತಿದ ಬಿರಡೆಗೆ ಪುಣ್ಯಾತ್ಮ ಅಡ್ಡಲಾಗಿ ಕಬ್ಬಿಣದ ಸ್ಕ್ರೂ ಬಿಗಿದಿದ್ದ. ಅದೋ ತುಕ್ಕು ಹಿಡಿದು, ಅಜ್ಜನ ಕಾಲದ ಮರವನ್ನು ಕಚ್ಚಿಕೊಂಡು ಕೂತಿತ್ತು.

"ಲಗೂ ಮಾಡ್ರಿ ಹಾಜಿಸಾಬ್ರ. ಜೇಸಿಬಿ ಬಂದು ಕುಣಿ ತೋಡಿ ಹೋಗೈತಿ, ಬಿಸಲು ಏರಾಕತ್ತೈತಿ." ದೇವೇಂದ್ರಪ್ಪ ಸತ್ತವನ ತಮ್ಮ, ಬೆಳಗಿನಿಂದ ಕೂತಲ್ಲಿ ಕೂರುತ್ತಿರಲಿಲ್ಲ. "ಕೊಬ್ಬರಿ ಎಣ್ಣಿ ಬಿಡ್ಲೇನ್ರಿ?"

"ಬ್ಯಾಡಪ್ಪಾ. ಕಟ್ಟಿಗಿ ಎಣ್ಣಿ ಕುಡಿದ್ರ ಬಿರಡಿ ಒಂದ ಕಡೆ ನಿಲ್ಲಂಗಿಲ್ಲ. ಕಬ್ಬಿಣ ಅಷ್ಟ ಕಾಸಬೇಕು."

ಹಾಜಿಸಾಬ ಗಿಡ್ಡಪ್ಪನ ಬಾಲ್ಯದ ಗೆಳೆಯ. ಕಾರಟಗಿಯಲ್ಲಿ ಅವನದು ಮಂಚ, ಕುರ್ಚಿ ರಿಪೇರಿಯ ಅಂಗಡಿ. ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿ ಸ್ಕ್ರೂವಿನ ತಲೆಗೆ ಒತ್ತಿ ಹಿಡಿದ. ಆರಿದ ಮೇಲೆ ಸವೆದ ಗೀರಿಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು, ಮೊದಲು ಬಿಗಿಯುವ ಕಡೆಗೇ ಒಂದಿಷ್ಟು ತಿರುಗಿಸಿದ. ಅದು ಮಿಸುಕಲಿಲ್ಲ. ಮತ್ತೆ ಕಾಯಿಸಿದ.

ಗಿಡ್ಡಪ್ಪನ ಹೆಂಡತಿ ಹುಲಿಗವ್ವ ಅತ್ತಿರಲಿಲ್ಲ. ಹೆಣದ ಪಕ್ಕದಿಂದ ಏಳುತ್ತಿದ್ದಳು, ಬಾಗಿಲಿಗೆ ಬಂದು ಏಕತಾರಿ ನೋಡುತ್ತಿದ್ದಳು, ಮತ್ತೆ ಹೋಗಿ ಕೂರುತ್ತಿದ್ದಳು.

"ಯಕ್ಕಾ, ಇಷ್ಟು ಮ್ಯಾಲ ಯಾಕ ಇಟ್ಟಿದ್ದ ಶ್ರುತಿ?" ಮೇಳದ ಮರಿಸ್ವಾಮಿ ಕೇಳಿದ. "ನಮ್ಮ ಜೋಡಿ ಹಾಡಾಕ ಬಂದ್ರ ಮಠದ ಏಕತಾರಿ ಹಿಡೀತಿದ್ದ."

"ನನಗೇನ ಗೊತ್ತು" ಎಂದಳು. ಹಸಿ ಸುಳ್ಳು.

*

ಮದುವೆಯಾದ ಹೊಸದರಲ್ಲಿ ಅವಳು ಹಾಡುತ್ತಿದ್ದಳು. ಭತ್ತದ ನಾಟಿಯಲ್ಲಿ ದನಿ ಎತ್ತಿದರೆ ಕಾಲುವೆಯ ಆಚೆ ದಂಡೆಯವರೂ ಕಿವಿಗೊಡುತ್ತಿದ್ದರು. ಗಿಡ್ಡಪ್ಪನೇ ಹಟ ಹಿಡಿದು ಒಮ್ಮೆ ಮೇಳದೊಂದಿಗೆ ಕಾರಟಗಿಗೆ ಕರೆದೊಯ್ದ. ಅಲ್ಲಿ ಗಂಡಸರು ಅವನ ಏಕತಾರಿಯ ತಂತಿಯನ್ನು ತಮ್ಮ ಶ್ರುತಿಗೆ ಇಳಿಸಿದರು. ಆ ತಗ್ಗಿನಲ್ಲಿ ಅವಳ ದನಿ ಗೊಗ್ಗರಾಯಿತು. ಕೂತವರೆಲ್ಲ ನಕ್ಕರು. ಗಿಡ್ಡಪ್ಪನೂ ನಕ್ಕುಬಿಟ್ಟ.

ಅಂದಿನಿಂದ ಅವಳು ಹಾಡಲಿಲ್ಲ. ಅವನು ತಂತಿಯನ್ನು ಅವಳ ಶ್ರುತಿಗೆ ಏರಿಸಿದ. ಸವೆದ ಬಿರಡೆ ಜಾರಿತು. ಮತ್ತೆ ಏರಿಸಿದ, ಮತ್ತೆ ಜಾರಿತು. ಕೊನೆಗೆ ರೇಗಿ ಸ್ಕ್ರೂ ಬಿಗಿದ.

"ಅಜ್ಜನ ಏಕತಾರಿಗೆ ಕಬ್ಬಿಣ ಹೊಡದೀರಲ್ಲ, ಬುದ್ಧಿ ಐತೇನು?"

"ಇನ್ನ ಇದನ್ನ ಯಾರೂ ಇಳಸಂಗಿಲ್ಲ. ನೀ ಹಾಡು."

ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಅವನು ದಿನಾ ಸಂಜೆ ಮೀಟುತ್ತಿದ್ದ, ಅವಳು ಪಾತ್ರೆ ಸದ್ದು ಮಾಡುತ್ತಿದ್ದಳು. ಮಕ್ಕಳು ಹುಟ್ಟಿ, ಬೆಳೆದು, ಮದುವೆಯಾದರೂ ಇಬ್ಬರೂ ಸೋಲಲಿಲ್ಲ.

*

"ಬಂತು!" ಎಂದ ಹಾಜಿಸಾಬ.

ತುಕ್ಕಿನ ಪುಡಿ ಅವನ ಲುಂಗಿಯ ಮೇಲೆ ಉದುರಿತ್ತು. ಮರ ಎಲ್ಲೂ ಸೀಳಿರಲಿಲ್ಲ. ಆದರೆ ಸ್ಕ್ರೂ ಹೊರಬಂದದ್ದೇ ತಡ, ಬಿರಡೆ ತಾನಾಗಿಯೇ ಜಾರತೊಡಗಿತು.

"ಛಲೋ ಆತು, ಇಳೀಲಿ ಬಿಡ್ರಿ" ಎಂದು ಮರಿಸ್ವಾಮಿ ಕೈ ಚಾಚಿದ.

ತಂತಿ ಸಡಿಲಾಗುವ ಸದ್ದಿಗೆ ಹುಲಿಗವ್ವ ಹೆಣದ ಪಕ್ಕದಿಂದೆದ್ದು ಕಟ್ಟೆಗೆ ಬಂದಳು. ಅವನು ಇಷ್ಟು ವರ್ಷ ಕರೆದದ್ದು ಅದೊಂದೇ ದನಿಯಲ್ಲಿ. ಒಂದು ಸಂಜೆಯಾದರೂ ಎದ್ದು ಬರಬೇಕಿತ್ತು ನಾನು, ಎನ್ನಿಸಿತು.

"ಇಳಸಬ್ಯಾಡ್ರಿ! ಕೊಡ್ರಿ ಇಲ್ಲೆ."

ಏಕತಾರಿ ತೆಗೆದುಕೊಂಡು ಬಿರಡೆ ತಿರುವಿದಳು. ಮೀಟಿ ಕಿವಿಗೊಟ್ಟಳು, ಇನ್ನೊಂದಿಷ್ಟು ತಿರುವಿದಳು. ಆ ಶ್ರುತಿಯನ್ನು ಅವಳು ಹುಡುಕಬೇಕಿರಲಿಲ್ಲ.

"ಅತ್ತಿಗಿ, ಹೆಣ್ಮಕ್ಕಳು ಮ್ಯಾಳದಾಗ..." ದೇವೇಂದ್ರಪ್ಪ ಬಾಯಿ ತೆರೆದ.

"ಲಗೂ ಲಗೂ ಅಂತ ನೀನ ಕುಣೀತಿದ್ದಿ. ಸುಮ್ಮನ ತಾಳ ಹಾಕು."

ಗಂಡನ ಎದುರಿಗೆ ಕೂತು ಅವಳು ಪದ ಎತ್ತಿಕೊಂಡಳು. ಮೊದಲ ಸಾಲಿಗೆ ದನಿ ಒಡೆಯಿತು, ಎರಡನೆಯದಕ್ಕೆ ಏರಿತು. ಹೆಣ ಎತ್ತಿದರು, ಅವಳು ನಿಲ್ಲಿಸಲಿಲ್ಲ. ಬಿರಡೆ ಜಾರದಂತೆ ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು, ಹಾಡುತ್ತ ಕಾಲುವೆ ದಂಡೆಯ ಬಿಸಿಲಿನಲ್ಲಿ ಹೆಣದ ಹಿಂದೆ ನಡೆದಳು. ಕುಣಿಯ ಹತ್ತಿರ ಬರುವಷ್ಟರಲ್ಲಿ ಆ ಬೆರಳಿನ ಉಗುರು ಬೆಳ್ಳಗೆ ಬಿಳಿಚಿತ್ತು.